ನೆರಳಿಲ್ಲದ ರಾಜನಿಗೆ ಹೂಂಗುಟ್ಟಿದವರು

ಆಕಾಶದಿಂದ ಬಂದ ಆ ಸದ್ದನ್ನು ಮೊದಲು ಕಸಕ್ಕೆ ಎಸೆದವಳು ನೀಲಾಂಬಿಕಾ ಹೂಗಾರಳೇ. ಮುಂದೆ ಅದರ ಬಗ್ಗೆ ದೇಶದೇಶಗಳ ಪಂಡಿತರು ತಲೆ ಕೆಡಿಸಿಕೊಂಡಾಗ ಪತ್ರಿಕೆಗಳು ಈ ಒಂದು ಸಂಗತಿಯನ್ನು ಮರ್ಯಾದೆಗೆಂದು ಬಿಟ್ಟುಬಿಟ್ಟವು. ನಮಗೆ ಅಂಥ ಹಂಗಿಲ್ಲ. ಕಥೆ ಶುರುವಾಗುವುದೇ ಆ ಕಸದಿಂದ.

ವಿಜಯಪುರದಿಂದಾಚೆ, ಎರೆಹೊಲಗಳ ನಡುವೆ, ಬೂದಿಗುಡ್ಡ ಎಂಬ ಬೋಳು ದಿಬ್ಬವಿದೆ. ಅದರ ಬೆನ್ನಮೇಲೆ ರೇಡಿಯೋ ದೂರದರ್ಶಕದ ಬಟ್ಟಲು ಆಕಾಶಕ್ಕೆ ಬಾಯಿ ತೆರೆದು ಕೂತಿದೆ. ಸುತ್ತಲಿನ ಊರವರಿಗೆ ಅದು ‘ದೊಡ್ಡ ಪರಾತ’. ಅಷ್ಟು ದೊಡ್ಡ ಪರಾತದಲ್ಲಿ ಹಿಟ್ಟು ನಾದುವವಳು ಯಾರು, ಆ ರೊಟ್ಟಿ ತಿನ್ನುವವನು ಯಾರು ಎಂದು ಹಳೆಯ ಹೆಂಗಸರು ಇನ್ನೂ ನಗೆಯಾಡುತ್ತಾರೆ. ಪರಾತದ ಕಿವಿ ಬಲು ಚುರುಕು. ಹತ್ತಿರದಲ್ಲಿ ಯಾರಾದರೂ ಮೊಬೈಲ್ ಹಚ್ಚಿದರೆ ಅದಕ್ಕೆ ನಗಾರಿ ಬಾರಿಸಿದಷ್ಟು ಜೋರಾಗಿ ಕೇಳುತ್ತದೆ. ಅದಕ್ಕೇ ಆಸುಪಾಸಿನ ಊರುಗಳಲ್ಲಿ ಮೊಬೈಲ್ ನಿಷೇಧ. ಮಾತಾಡಬೇಕಾದವರು ಗಡಿಯಾಚೆಯ ಡಾಬಾದ ತನಕ ಬೈಕ್ ಓಡಿಸಬೇಕು. ಮೊದಮೊದಲು ಈ ಊರುಗಳಿಗೆ ಹೆಣ್ಣು ಕೊಡಲು ಜನ ಹಿಂಜರಿದರು. ಆಮೇಲೆ, ಇಲ್ಲಿನ ಗಂಡಸರು ಮನೆಯಲ್ಲಿದ್ದಾಗ ನಿಜವಾಗಿಯೂ ಮನೆಯಲ್ಲಿರುತ್ತಾರೆ ಎಂಬುದು ಹೆಣ್ಣು ಹೆತ್ತವರಿಗೆ ತಿಳಿದು ಎಲ್ಲ ಸರಿಹೋಯಿತು.

ಇಷ್ಟೆಲ್ಲ ಕಷ್ಟ ಯಾತಕ್ಕೆ? ನಮ್ಮನ್ನು ಬಿಟ್ಟು ಈ ವಿಶ್ವದಲ್ಲಿ ಮಾತಾಡುವವರು ಇನ್ಯಾರಾದರೂ ಇದ್ದಾರೆಯೇ ಎಂದು ಕೇಳಿಸಿಕೊಳ್ಳುವುದಕ್ಕೆ. ಕೇಳಿಸಿಕೊಳ್ಳುವ ಕೆಲಸ ಪರಾತದ್ದು. ಕೇಳಿದ್ದು ಮಾತೋ ಬರೀ ಸದ್ದೋ ಎಂದು ಹೇಳುವ ಕೆಲಸ ನೀಲಾ ಕಟ್ಟಿದ ಕಂಪ್ಯೂಟರ್ ಪ್ರೋಗ್ರಾಮಿನದು. ಅದಕ್ಕೆ ಅವಳು ಇಟ್ಟ ಹೆಸರು ‘ಜರಡಿ’. ಅದರ ಹಿಂದಿನ ಲೆಕ್ಕಾಚಾರ ದೊಡ್ಡದಾದರೂ ತಿರುಳು ಸಣ್ಣದು. ಗಡಿಯಾರದ ಟಿಕ್‌ಟಿಕ್‌ನಲ್ಲಿ ಶಿಸ್ತು ಅತಿಯಾಯಿತು, ಅದು ಮಾತಲ್ಲ. ತಗಡಿನ ಮೇಲೆ ಸುರಿವ ಮಳೆಯಲ್ಲಿ ಶಿಸ್ತೇ ಇಲ್ಲ, ಅದೂ ಮಾತಲ್ಲ. ಇವೆರಡರ ನಡುವೆ ಎಲ್ಲೋ ಒಂದು ಕಡೆ, ಮುಂದಿನದನ್ನು ಅರ್ಧ ಊಹಿಸಬಹುದು, ಅರ್ಧ ಊಹಿಸಲಾಗದು ಎಂಬಲ್ಲಿ, ಮಾತು ಇರುತ್ತದೆ. ನೀಲಾ ತನ್ನ ಜರಡಿಗೆ ನೂರಾರು ಭಾಷೆಗಳನ್ನು ಕೇಳಿಸಿದ್ದಳು. ಕೋಗಿಲೆ, ತಿಮಿಂಗಿಲ, ಗುಡುಗು, ಗಿರಣಿ ಎಲ್ಲವನ್ನೂ ಕೇಳಿಸಿದ್ದಳು. ಈಗ ಅದು ಯಾವ ಸದ್ದನ್ನು ಕೊಟ್ಟರೂ ಒಂದೇ ಪದದಲ್ಲಿ ತೀರ್ಪು ಹೇಳುತ್ತಿತ್ತು: ‘ಮಾತು’ ಇಲ್ಲವೇ ‘ಸದ್ದು’. ಸದ್ದು ಎಂದದ್ದನ್ನೆಲ್ಲ ಅಂದಂದೇ ಅಳಿಸಿಹಾಕುವುದು ಅಲ್ಲಿನ ಪದ್ಧತಿ. ಆಕಾಶವನ್ನೆಲ್ಲ ಕೂಡಿಡಲು ಯಾವ ಕಣಜವೂ ಸಾಲದು.

ಆ ಮಂಗಳವಾರ ಮಧ್ಯಾಹ್ನ ತಿಮಿಂಗಿಲ ಎಂಬ ನಕ್ಷತ್ರಪುಂಜದ ಒಂದು ನಕ್ಷತ್ರದ ಕಡೆಯಿಂದ ಸಣ್ಣ ಸಣ್ಣ ಮಿಡಿತಗಳು ಬಂದವು. ಹಗಲಿನಲ್ಲಿ ನಕ್ಷತ್ರವೇ ಎನ್ನಬೇಡಿ, ಪರಾತಕ್ಕೆ ಹಗಲಿರುಳೆಂಬ ಭೇದವಿಲ್ಲ. ಮಿಡಿತಗಳೆಲ್ಲ ಒಂದೇ ಅಚ್ಚಿನವು. ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ನಡುವಿನ ಅಂತರ ಮಾತ್ರ ಬೇಕಾಬಿಟ್ಟಿ, ಒಮ್ಮೆ ಉದ್ದ, ಒಮ್ಮೆ ಗಿಡ್ಡ. ಜರಡಿ ತಡಮಾಡದೆ ‘ಸದ್ದು’ ಎಂದಿತು. ನೀಲಾ ಅಳಿಸಿ ಹಾಕಿ ಮನೆಗೆ ಹೋದಳು.

ಬುಧವಾರ ಅದೇ ಹೊತ್ತಿಗೆ ಮತ್ತೆ ಬಂತು. ಯಂತ್ರಗಳ ಉಸ್ತುವಾರಿಯ ದಸ್ತಗೀರ್ ಮುಲ್ಲಾ ಕಿವಿಯ ಹೆಡ್‌ಫೋನ್ ತೆಗೆದು ಅವಳ ಕಡೆ ತಿರುಗಿದ.

“ಮೇಡಂ, ನಿನ್ನೀದೇ ಮತ್ತ ಬಂದಂಗ ಐತ್ರಿ.”

“ಜರಡಿ ಏನಂತು?”

“ಸದ್ದು ಅಂತು. ಅಳಸಲೇನ್ರಿ?”

ಅಳಿಸು ಎಂದು ಬಾಯಿತನಕ ಬಂದದ್ದನ್ನು ನೀಲಾ ತಡೆದಳು. ಯಾಕೆಂದು ಅವಳಿಗೂ ಗೊತ್ತಾಗಲಿಲ್ಲ. “ಇರಲಿ ಬಿಡು,” ಎಂದಳು.

*

ಮನೆ ಎಂದರೆ ಗುಡ್ಡದ ಕೆಳಗಿನ ಕ್ವಾರ್ಟರ್ಸ್. ಅಲ್ಲಿ ಅವಳ ತಾಯಿ ಬಾಳವ್ವ ಮಲಗಿದ್ದಳು. ಚಳಿಗಾಲದಲ್ಲಿ ಲಕ್ವಾ ಹೊಡೆದ ಮೇಲೆ ಅವಳು ಎದ್ದಿರಲಿಲ್ಲ. ಕಣ್ಣು ತೆರೆದೇ ಇರುತ್ತಿದ್ದವು, ಆದರೆ ಯಾರ ಮೇಲೂ ನಿಲ್ಲುತ್ತಿರಲಿಲ್ಲ. ಮೂಗಿನ ನಳಿಗೆಯಿಂದ ಗಂಜಿ ಇಳಿಸಬೇಕು. ಒಂದು ಕಾಲಕ್ಕೆ ಹೂ ಮಾರುತ್ತ ಇಡೀ ಸಂತೆಯನ್ನು ಮಾತಿನಲ್ಲೇ ಕಟ್ಟಿಹಾಕುತ್ತಿದ್ದ ಹೆಂಗಸಿನ ಬಾಯಲ್ಲಿ ಈಗ ಉಳಿದಿದ್ದು ಒಂದೇ ಒಂದು ದನಿ: “ಹೂಂ.”

ನೀಲಾ ಆ ‘ಹೂಂ’ ಹಿಡಿದುಕೊಂಡೇ ಬದುಕಿದ್ದಳು. “ಯವ್ವಾ, ನಾ ಬಂದೆ” ಎಂದರೆ “ಹೂಂ.” “ಬಿಸಲು ಭಾಳ ಐತಿ ಇವತ್ತು” ಎಂದರೆ “ಹೂಂ.” ಅದಕ್ಕಿಂತ ಹೆಚ್ಚು ಅವಳಿಗೆ ಬೇಕಾಗಿಯೂ ಇರಲಿಲ್ಲ.

ಬುಧವಾರ ಸಂಜೆ ಡಾಕ್ಟರ್ ಕೌಜಲಗಿ ಬಂದರು. ಅಣ್ಣ ಶಿವಪುತ್ರನೂ ವಿಜಯಪುರದ ತನ್ನ ಹೂವಿನ ಅಂಗಡಿ ಮುಚ್ಚಿ ಬಂದಿದ್ದ. ಬಂದವನೇ ಎಂದಿನಂತೆ ತಾಯಿಯ ಹೆರಳಿಗೆ ಒಂದು ತುಂಡು ಮಲ್ಲಿಗೆ ಸಿಕ್ಕಿಸಿ ಮಂಚದ ಕಾಲಬದಿಗೆ ಕೂತಿದ್ದ. ಡಾಕ್ಟರು ಕಣ್ಣಿಗೆ ಬ್ಯಾಟರಿ ಹಾಕಿ ನೋಡಿದರು, ಅಂಗಾಲು ಗೀಚಿದರು. ಕೊನೆಗೆ ಬಾಳವ್ವನ ಕಿವಿಯ ಹತ್ತಿರ ಒಮ್ಮೆ ಚಪ್ಪಾಳೆ ತಟ್ಟಿದರು.

“ಹೂಂ.”

ಅಷ್ಟರಲ್ಲಿ ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೆಯಿತು.

“ಹೂಂ,” ಎಂದಳು ಬಾಳವ್ವ, ಕುಕ್ಕರಿಗೂ.

ಡಾಕ್ಟರು ನೀಲಾಳ ಮುಖ ನೋಡಿದರು. ಒರಟು ಮನುಷ್ಯನಲ್ಲ ಅವರು, ಆದರೆ ಸುತ್ತುಬಳಸಿ ಹೇಳುವವರೂ ಅಲ್ಲ. “ನೋಡ್ರಿ, ಸದ್ದಾದ್ರ ಇಕಿ ಉಸಿರು ಒಂದೀಟು ಗಂಟಲಕ್ಕ ತಾಕತೈತಿ. ಅಷ್ಟ. ನೀವದನ್ನ ಮಾತು ಅಂತ ತಿಳಕೊಂಡೀರಿ. ಈಗ ಮೂಗಿನ ನಳಿಗಿ ಇನ್ನ ಇಡಾಕ ಬರೂದಿಲ್ಲ, ಒಳಗ ಹುಣ್ಣಾಗೇತಿ. ಹೊಟ್ಟಿಗೆ ತೂತು ಮಾಡಿ ಅಲ್ಲೊಂದು ನಳಿಗಿ ಕೂಡಿಸಬೇಕು. ಅದು ಬ್ಯಾಡ ಅಂದ್ರ ನಳಿಗಿ ತಗದು, ಬಾಯಾಗ ಎಷ್ಟು ಇಳೀತೈತೋ ಅಷ್ಟು ನೀರು ಹಾಕಿ, ಸುಮ್ನ ಅಕೀ ಪಾಡಿಗೆ ಅಕೀನ್ನ ಬಿಡಬೇಕು. ಇಬ್ಬರೂ ಕೂಡಿ ವಿಚಾರ ಮಾಡಿ ಸೋಮವಾರ ಹೇಳ್ರಿ.”

ಅವರನ್ನು ಬಾಗಿಲತನಕ ಕಳಿಸಿ ಇಬ್ಬರೂ ಒಳಗೆ ಬಂದರು.

“ಅವ್ವ ಹ್ವಾದಳು, ತಂಗೀ,” ಎಂದ ಶಿವಪುತ್ರ. “ಚಳಿಗಾಲದಾಗ ಹ್ವಾದಳು. ಇದು ಅಕೀ ಮೈ ಅಷ್ಟ. ಹೊಟ್ಟಿಗೆ ತೂತು ಮಾಡಿಸಿ ಇನ್ನೂ ಎಷ್ಟು ದಿವಸ ಹಿಂಗ ಮಲಗಸಾಕಿ?”

“ಒಳಗ ಅದಾಳ ಅಂತ ಅನಸತೈತಣ್ಣಾ.”

“ಅನಸೂದು ಬ್ಯಾರೆ, ಇರೂದು ಬ್ಯಾರೆ. ಒಳಗ ಅದಾಳ ಅಂತ ನನಗ ಖಾತ್ರಿ ಕೊಡು, ನಾನ ಹೊತ್ಕೊಂಡು ದವಾಖಾನಿಗೆ ಒಯ್ತೀನಿ.” ಶಿವಪುತ್ರ ಕಟುಕನಲ್ಲ. ತಪ್ಪದೆ ಪ್ರತಿ ಭಾನುವಾರ ಬಂದು ತಾಯಿಗೆ ಮೈ ಒರೆಸಿ, ಬೆನ್ನಿಗೆ ಪೌಡರ್ ಹಾಕಿ, ಮಗ್ಗಲು ಬದಲಿಸಿ ಹೋಗುವವನು. ಅದಕ್ಕೇ ಅವನ ಮಾತನ್ನು ತಳ್ಳಿಹಾಕಲು ನೀಲಾಳಿಂದ ಆಗಲಿಲ್ಲ.

ಖಾತ್ರಿ ಬೇಕಂತೆ ಖಾತ್ರಿ! ಜಗತ್ತಿನಲ್ಲಿ ಮನಸ್ಸಿದೆಯೋ ಇಲ್ಲವೋ ಎಂದು ಖಾತ್ರಿ ಹೇಳುವ ಯಂತ್ರ ಕಟ್ಟಿದವಳು ಅವಳೇ ಅಲ್ಲವೆ?

*

ಮರುದಿನ ಬೆಳಿಗ್ಗೆ ನೀಲಾ ಮಾಡಬಾರದ್ದೊಂದನ್ನು ಮಾಡಿದಳು. ತಾಯಿಯ ‘ಹೂಂ’ಗಳನ್ನು ರೆಕಾರ್ಡರಿನಲ್ಲಿ ತುಂಬಿಕೊಂಡು ಹೋಗಿ, ಕಂಟ್ರೋಲ್ ರೂಮಿನಲ್ಲಿ ಯಾರೂ ಇಲ್ಲದಾಗ ಜರಡಿಗೆ ಹಾಕಿದಳು. ಅದು ಯಾರ ದನಿಯೆಂದು ಜರಡಿಗೆ ಹೇಗೆ ತಿಳಿಯಬೇಕು? ಅದು ತಡಮಾಡದೆ ಹೇಳಿತು: ‘ಸದ್ದು’.

ಪರದೆಯ ಮೇಲೆ ತಾಯಿಯ ದನಿಯ ತೀರ್ಪು ಮೇಲಿತ್ತು, ನಿನ್ನೆಯ ನಕ್ಷತ್ರದ್ದು ಅದರ ಕೆಳಗೇ ಇತ್ತು. ಎರಡರ ಅಂಕಿಗಳೂ ಹೆಚ್ಚುಕಡಿಮೆ ಒಂದೇ. ಎಲ್ಲ ಮಿಡಿತವೂ ಒಂದೇ ಅಚ್ಚು, ನಡುವಿನ ಅಂತರ ಬೇಕಾಬಿಟ್ಟಿ. ನೀಲಾಳಿಗೆ ದುಃಖವಾಗಬೇಕಾದ ಕಡೆ ಏನೋ ಗೊಂದಲ ಬಂದು ಕೂತಿತು. ಮಧ್ಯಾಹ್ನಕ್ಕೇ ರಜೆ ಹಾಕಿ ಮನೆಗೆ ಬಂದಳು.

ಹಗಲು ತಾಯಿಯನ್ನು ನೋಡಿಕೊಳ್ಳುತ್ತಿದ್ದ ನರ್ಸಮ್ಮನನ್ನು ಊಟಕ್ಕೆ ಕಳಿಸಿ ತಾಯಿಯ ತಲೆಬದಿಗೆ ಕೂತಳು. ಏನು ಮಾತಾಡುವುದು? ಹವೆಯ ಬಗ್ಗೆ ಹೇಳಿದ್ದಾಯಿತು. ಕೊನೆಗೆ ತಾಯಿಯೇ ಮಕ್ಕಳಿಗೆ ಹೇಳುತ್ತಿದ್ದ ಕಥೆಯನ್ನು ತಾಯಿಗೇ ಹೇಳತೊಡಗಿದಳು. ಹೂವಿನ ಬುಟ್ಟಿ ಕೆಳಗಿಟ್ಟು, ಮಕ್ಕಳನ್ನು ಮಗ್ಗುಲಿಗೆ ಹಾಕಿಕೊಂಡು ಬಾಳವ್ವ ಹೇಳುತ್ತಿದ್ದ ಒಂದೇ ಒಂದು ಕಥೆ ಅದು.

“ಒಂದ ಊರಾಗ ಒಬ್ಬ ರಾಜಾ ಇದ್ದ.”

“ಹೂಂ.”

“ಅವಗ ಎಲ್ಲಾ ಇತ್ತು, ನೆರಳ ಒಂದ ಇರಲಿಲ್ಲ.”

“ಹೂಂ.”

“ನಡು ಮಧ್ಯಾಹ್ನ ನಿಂತರೂ ಇಲ್ಲ, ಸಂಜೀಮುಂದ ನಿಂತರೂ ಇಲ್ಲ. ಮಂದಿ ಎಲ್ಲಾ, ಇವ ರಾಜಾ ಹೌದೋ ಅಲ್ಲೋ ಅಂತ ಗುಸುಗುಸು ಮಾಡಾಕ ಹತ್ತಿದ್ರು.”

“ಹೂಂ.”

ನೀಲಾಳ ಮಾತು ನಿಂತಿತು. ಎರಡು ಮಾತು ಗಿಡ್ಡ, ಒಂದು ಮಾತು ಉದ್ದ. ‘ಹೂಂ’ಗಳ ನಡುವಿನ ಅಂತರವೂ ಹಾಗೇ. ಕಥೆ ಕೇಳುವವನ ಬಾಯಲ್ಲಿ ಸ್ವಂತದ್ದೇನೂ ಇರುವುದಿಲ್ಲ. ಎಲ್ಲ ಹೂಂ ಒಂದೇ ಅಚ್ಚು. ಹೇಳುವವರ ಮಾತನ್ನು ತೆಗೆದುಹಾಕಿ ಬರೀ ಹೂಂಗಳನ್ನು ಸಾಲಾಗಿ ಇಟ್ಟರೆ ಅದು ಮಳೆಹನಿಗಿಂತ ಕಡೆ. ಜರಡಿಗೆ ಅವಳು ಮಾತಾಡುವವರನ್ನು ಹುಡುಕಲು ಕಲಿಸಿದ್ದಳೇ ಹೊರತು ಕೇಳುವವರನ್ನಲ್ಲ. ಕಥೆಗೊಬ್ಬರು ಹೂಂಗುಟ್ಟದಿದ್ದರೆ ಕಥೆಯೇ ಮುಂದೆ ಹೋಗದ ಮನೆಯಲ್ಲಿ ಬೆಳೆದವಳಿಗೆ ಇದು ಹೊಳೆದಿರಲಿಲ್ಲ.

ಆಮೇಲೆ ಇನ್ನೊಂದು ನೆನಪಾಯಿತು. ಆ ನಕ್ಷತ್ರಕ್ಕೆ ಇಲ್ಲಿಂದ ಹನ್ನೆರಡು ಜ್ಯೋತಿರ್ವರ್ಷ. ಅಲೆ ಹೋಗಲು ಹನ್ನೆರಡು ವರ್ಷ, ಉತ್ತರ ಬರಲು ಹನ್ನೆರಡು. ಇಪ್ಪತ್ನಾಲ್ಕು ವರ್ಷದ ಹಿಂದೆ ಇಲ್ಲಿಂದ ಅಲ್ಲಿಗೆ ಒಂದು ಧ್ವನಿ ಹೊರಟಿತ್ತು. ಅದು ಯಾರದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ನರ್ಸಮ್ಮ ಊಟ ಅರ್ಧಕ್ಕೇ ಬಿಟ್ಟು ಓಡಿಬರಬೇಕಾಯಿತು. ಅಷ್ಟು ಜೋರಾಗಿ ಕೂಗಿ ಕರೆದು ನೀಲಾ ಗುಡ್ಡ ಹತ್ತಿದಳು.

*

ಇಪ್ಪತ್ನಾಲ್ಕು ವರ್ಷದ ಹಿಂದಿನ ಮಾತು ಹೀಗೆ. ಪರಾತದ ಉದ್ಘಾಟನೆಯ ವಾರ. ಆಕಾಶಕ್ಕೆ ಸಂದೇಶ ಕಳಿಸಬೇಕೆಂದು ದಿಲ್ಲಿಯಿಂದ ಹಲವು ಭಾಷೆಗಳ ‘ನಮಸ್ಕಾರ’ ಬಂದಿದ್ದವು. ಎಲ್ಲ ಕಳಿಸಿದ ಮೇಲೂ ಒಂದಿಷ್ಟು ಹೊತ್ತು ಮಿಕ್ಕಿತು. ಆಗಿನ್ನೂ ಕಪ್ಪು ಕೂದಲಿದ್ದ ನಿರ್ದೇಶಕ ಪರ್ವತೀಕರರು, “ಏನರೆ ಹಾಕಿ ತುಂಬಸ್ರಿ, ಖಾಲಿ ಬಿಡಬ್ಯಾಡ್ರಿ” ಎಂದರು. ಹೊಸದಾಗಿ ಕೆಲಸಕ್ಕೆ ಸೇರಿದ್ದ ನೀಲಾ ತನ್ನ ತಾಯಿಯನ್ನು ಕರೆತಂದು ಮೈಕಿನ ಮುಂದೆ ಕೂರಿಸಿದಳು. ಯಾರೂ ನಡುವೆ ಹೂಂಗುಟ್ಟಬಾರದು, ರೆಕಾರ್ಡಿಂಗ್ ಕೆಡುತ್ತದೆ ಎಂದು ತಾಕೀತು ಮಾಡಿದ್ದರು. ಬಾಳವ್ವನಿಗೆ ಸಿಟ್ಟು ಬಂದಿತ್ತು. “ಹೂಂ ಅನ್ನವರಿಲ್ಲಂದ್ರ ನಾ ಯಾರ ಮುಂದ ಹೇಳ್ಲಿ, ಗ್ವಾಡೀ ಮುಂದೇನು?” ಎಂದು ಗೊಣಗುತ್ತಲೇ ಹೇಳಿದ್ದಳು. ಅದನ್ನೇ ದಿನಕ್ಕೊಂದು ಸಲದಂತೆ ಎರಡು ದಿನ ಬಿತ್ತರಿಸಿದ್ದರು. ಬಂದದ್ದೂ ಎರಡು ದಿನವೇ. ಮೊದಲ ದಿನದ್ದನ್ನು ನೀಲಾ ಕಸಕ್ಕೆ ಹಾಕಿಯಾಗಿತ್ತು.

ಈಗ ದಸ್ತಗೀರ್ ಹಳೆಯ ಧ್ವನಿಯನ್ನೂ ಬುಧವಾರದ ಮಿಡಿತಗಳನ್ನೂ ಜೋಡಿಸಿ ಒಟ್ಟಿಗೆ ಓಡಿಸಿದ. ಕಂಟ್ರೋಲ್ ರೂಮಿನಲ್ಲಿ ಅವನು, ನೀಲಾ, ನಿವೃತ್ತಿಯ ಹೊಸ್ತಿಲಲ್ಲಿದ್ದ ಪರ್ವತೀಕರರು, ಮೂವರೇ. ಸ್ಪೀಕರಿನಿಂದ ಬಾಳವ್ವನ ದನಿ ಬಂತು. ಸಂತೆಯ ಆ ತುದಿಗೂ ಕೇಳುತ್ತಿದ್ದ ತುಂಬುದನಿ. ನೀಲಾ ಆ ದನಿಯನ್ನೇ ಮರೆತುಬಿಟ್ಟಿದ್ದಳು.

“ಒಂದ ಊರಾಗ ಒಬ್ಬ ರಾಜಾ ಇದ್ದ...”

ದನಿ ನಿಂತ ಜಾಗದಲ್ಲಿ ಒಂದು ಮಿಡಿತ.

“ಅವಗ ಎಲ್ಲಾ ಇತ್ತು, ನೆರಳ ಒಂದ ಇರಲಿಲ್ಲ...”

ಮಿಡಿತ.

ದಸ್ತಗೀರ್ ಕುರ್ಚಿಯಿಂದ ಎದ್ದು ನಿಂತ. ರಾಜ ಬೇವಿನ ಮರದ ಹತ್ತಿರ ಹೋದ. ‘ನಿನ್ನ ನೆರಳ ಭಾಳ ಐತಿ, ನನಗೊಂದ ಚೂರು ಕೊಡು’ ಎಂದ. ಮಿಡಿತ. ‘ಕೊಡ್ತೀನಿ, ಆದ್ರ ನನ್ನಂಗ ಒಂದ ಕಡೆ ನಿಲ್ಲಬೇಕು’ ಎಂದಿತು ಮರ. ಮಿಡಿತ. ಅಲ್ಲೇ ಬಾಳವ್ವನ ದನಿ ಇದ್ದಕ್ಕಿದ್ದಂತೆ ತಗ್ಗಿತು.

“ಅಷ್ಟೊತ್ತಿಗೆ ರಾಜಾ ಬಂದು ನಮ್ಮನೀ ರೊಟ್ಟಿ ಬುಟ್ಟ್ಯಾಗ ಕುಂತ.”

ಮಿಡಿತವಿಲ್ಲ.

ಸ್ಪೀಕರಿನಲ್ಲಿ ಬಾಳವ್ವ ಸ್ವಲ್ಪ ಹೊತ್ತು ಕಾದಳು. ಆಮೇಲೆ ಕಿಸಕ್ಕನೆ ನಕ್ಕು, “ಎಚ್ಚರ ಅದೀರಿ ಹಂಗಾದ್ರ” ಎಂದು ಕಥೆಯನ್ನು ಮರದ ಹತ್ತಿರವೇ ಹಿಡಿದು ಮುಂದುವರಿಸಿದಳು. ಮಿಡಿತಗಳೂ ಮುಂದುವರಿದವು.

“ಇದೇನಿದು, ರೊಟ್ಟಿ ಬುಟ್ಟಿ?” ಎಂದು ಕೇಳಿದರು ಪರ್ವತೀಕರರು.

ನೀಲಾ ಹೇಳಿದಳು. ಕಥೆ ಹೇಳುವವರು ಹೂಡುವ ಉಪಾಯ ಅದು. ಮಗು ಹೂಂ ಹೂಂ ಎನ್ನುತ್ತಲೇ ನಿದ್ದೆ ಹೋಗಿರುತ್ತದೆ. ಎಚ್ಚರವಿದೆಯೋ ಇಲ್ಲವೋ ನೋಡಲು ನಡುವೆ ತಳಬುಡವಿಲ್ಲದ ಒಂದು ಮಾತು ಹಾಕುತ್ತಾರೆ. ಅದಕ್ಕೂ ಹೂಂ ಎಂದರೆ ನಿದ್ದೆ. ಹೂಂ ಎನ್ನದಿದ್ದರೆ ಎಚ್ಚರ. ತನ್ನ ಮುಂದೆ ಯಾರೂ ಇಲ್ಲದ ಆ ದಿನವೂ ಬಾಳವ್ವ ಅಭ್ಯಾಸಬಲದಿಂದ ಪರೀಕ್ಷೆ ಮಾಡಿದ್ದಳು.

“ಅಂದ್ರ ಅಲ್ಲಿದ್ದವರು ಎಚ್ಚರ ಅದಾರ್ರಿ!” ಎಂದ ದಸ್ತಗೀರ್.

“ಸ್ವಲ್ಪ ತಡಿಯಪ್ಪಾ.” ಪರ್ವತೀಕರರು ಕನ್ನಡಕ ತೆಗೆದು ಒರೆಸತೊಡಗಿದರು. ಅವರಿಗೆ ಗಾಬರಿಯಾದಾಗ ಅದೇ ಕೆಲಸ. “ಅವರಿಗೆ ಕನ್ನಡ ಬರ್ತದೇನು? ರೊಟ್ಟಿ ಬುಟ್ಟಿ ಅಂದ್ರ ಏನಂತ ಗೊತ್ತದ ಏನು? ಅಲ್ಲೊಂದು ಅನಿಲದ ಮೋಡ ಅದ ಅಂತ ಇಟ್ಕೋ. ನಾವು ಕಳಿಸಿದ ಅಲೆ ಕುಡೀತದ. ಅಲೆ ನಿಂತ ಕೂಡ್ಲೆ ಒಂದು ತೇಗು ತೇಗತದ. ಅದಕ್ಕ ಮನಸ್ಸು ಯಾಕ ಬೇಕು?”

“ಆದ್ರ ಒಂದ ಕಡೆ ಮಾತ್ರ ತೇಗಲಿಲ್ಲಲ್ರಿ, ಸರ್.”

“ಒಂದು ತೇಗು ತಪ್ಪಿರಬಹುದವಾ.”

“ಅವ್ವ ಅಲ್ಲಿ ದನಿ ತಗ್ಗಸ್ಯಾಳ್ರಿ. ಅರ್ಥ ತಿಳೀಲಿಲ್ಲಂದ್ರೂ, ಇಲ್ಲೇನೋ ಬ್ಯಾರೆ ಐತಿ ಅಂತ ತಿಳದಿರಬಹುದು.”

“ದನಿ ತಗ್ಗಿದ್ದಕ್ಕ ಮೋಡಕ್ಕ ಹೊಟ್ಟಿ ತುಂಬಿರಲಿಕ್ಕಿಲ್ಲ. ಅದೂ ಆಗಬಹುದು.” ಪರ್ವತೀಕರರು ಕನ್ನಡಕ ಹಾಕಿಕೊಂಡರು. “ನಿನ್ನೆಯದು ಒಂದೇ ಪ್ರತಿ ಅದ. ಮೊನ್ನೀದು ಇದ್ದಿದ್ರ ತಾಳೆ ನೋಡಬಹುದಿತ್ತು.”

ಆ ಮಾತಿಗೆ ನೀಲಾ ತಲೆ ತಗ್ಗಿಸಿದಳು. ಯಾರೂ ಅವಳನ್ನು ಬೈಯಲಿಲ್ಲ.

ಕಥೆ ಓಡುತ್ತಲೇ ಇತ್ತು. ರಾಜ ಬಾವಿಯನ್ನು ಕೇಳಿದ, ಮೋಡವನ್ನು ಕೇಳಿದ, ಕೊನೆಗೆ ದಾರಿಯಲ್ಲಿ ಸೆಗಣಿ ಆಯುತ್ತಿದ್ದ ಒಬ್ಬ ಮುದುಕಿಯನ್ನು ಕೇಳಿದ. “ಮುದುಕಿ ನಕ್ಕು ಅಂದ್ಲು, ಯಪ್ಪಾ ರಾಜಾ, ನಿನ್ನ ನೆರಳ ಎಲ್ಲಿ ಐತಿ ಅಂದ್ರ...” ಅಲ್ಲಿಗೆ ಬಾಳವ್ವನ ದನಿ ಕಡಿದುಹೋಯಿತು. ಅಂದು ಮಿಕ್ಕಿದ ಹೊತ್ತು ಅಷ್ಟೇ ಇತ್ತು. ಯಾರೋ ಗುಂಡಿ ಒತ್ತಿ ನಿಲ್ಲಿಸಿಬಿಟ್ಟಿದ್ದರು.

ಒಂದು ಮಿಡಿತ ಬಂತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಇನ್ನೇನು ಮುಗಿಯಿತು ಎಂದು ದಸ್ತಗೀರ್ ಕೈ ಚಾಚುವಷ್ಟರಲ್ಲಿ ಇನ್ನೊಂದು ಮಿಡಿತ ಬಂತು. ಆ ಜಾಗಕ್ಕೆ ಸರಿಹೊಂದುವ ಯಾವ ಅಲೆಯೂ ಅಂದು ಇಲ್ಲಿಂದ ಹೋಗಿರಲಿಲ್ಲ.

“ಇದು ಯಾವ ತೇಗ್ರಿ, ಸರ್?”

ಪರ್ವತೀಕರರ ಕನ್ನಡಕ ಮತ್ತೆ ಕೈಗೆ ಬಂದಿತ್ತು. “ಮುದುಕಿ ಏನಂದ್ಲು ನೀಲಾ? ಕಡೀಕ ಏನಾತು?” ಎಂದು ಮೆಲ್ಲಗೆ ಕೇಳಿದರು.

“ನನಗ ಗೊತ್ತಿಲ್ರಿ. ನಾ ಒಂದ ಸಲಾನೂ ಕಡೀತನಕ ಕೇಳಿಲ್ಲ. ಅಷ್ಟರಾಗ ನಿದ್ದಿ ಹತ್ತಿಬಿಡ್ತಿತ್ತು.”

*

ಆಮೇಲಿನ ಎರಡು ದಿನ ಬೂದಿಗುಡ್ಡದ ಲ್ಯಾಂಡ್‌ಲೈನಿಗೆ ಬಂದ ಕರೆಗಳಿಗೆ ಲೆಕ್ಕವಿಲ್ಲ. ಹೊರಗಿನ ಪಂಡಿತರಲ್ಲಿ ಅರ್ಧ ಜನ ಮೋಡ ಎಂದರು, ಅರ್ಧ ಜನ ಮನಸ್ಸು ಎಂದರು. ಬೆಳಿಗ್ಗೆ ಮೋಡ ಎಂದವರೇ ಸಂಜೆ ಮನಸ್ಸು ಎಂದರು. ಊರಿನ ಹೋಟೆಲಿನಲ್ಲಿ ಚಹಾ ಕುಡಿಯುವವರು ಇನ್ನೂ ಮುಂದೆ ಹೋಗಿ, ಅಲ್ಲಿರುವವರು ವಿಜಯಪುರದ ಕಡೆಯವರೇ ಇರಬೇಕು, ಇಲ್ಲದಿದ್ದರೆ ಇಷ್ಟು ತಾಳ್ಮೆಯಿಂದ ಯಾರು ಕೇಳುತ್ತಾರೆ ಎಂದರು. ಮರಳಿ ಏನು ಕಳಿಸಬೇಕೆಂದು ದಿಲ್ಲಿಯಲ್ಲಿ ಸಮಿತಿಯೂ ಆಯಿತು.

ನೀಲಾಳ ತಲೆಯಲ್ಲಿ ಇದ್ಯಾವುದೂ ನಿಲ್ಲಲಿಲ್ಲ. ಅವಳ ತಲೆಯಲ್ಲಿದ್ದದ್ದು ಸೋಮವಾರ. ಮತ್ತು, ಅಣ್ಣ ಕೇಳಿದ ಖಾತ್ರಿಗೆ ಈಗ ತಾಯಿಯದೇ ಒಂದು ಪರೀಕ್ಷೆ ಇದೆ ಎಂಬ ಭಯ. ಯಾವುದೋ ನಕ್ಷತ್ರದ ಕಡೆಯದು ಆ ಪರೀಕ್ಷೆಯಲ್ಲಿ ಪಾಸಾಗಿತ್ತು. ಅವ್ವ?

ಭಾನುವಾರ ಮಧ್ಯಾಹ್ನ ಶಿವಪುತ್ರ ಬಂದ. ಮೈ ಒರೆಸಿ, ಮಲ್ಲಿಗೆ ಮುಡಿಸಿ, ಮಗ್ಗಲು ಬದಲಿಸಿ ಕೂತ. ನೀಲಾ ಅವನಿಗೆ ಎಲ್ಲವನ್ನೂ ಹೇಳಿದಳು. ಅವನು ನಂಬಿದನೋ ಇಲ್ಲವೋ, ಪರೀಕ್ಷೆಯ ಮಾತು ಬಂದಾಗ ಮಾತ್ರ ಬೆನ್ನು ನೆಟ್ಟಗೆ ಮಾಡಿ ಕೂತ.

“ಮಾಡು ಹಂಗಾದ್ರ. ನನ್ನ ಮುಂದ ಮಾಡು. ಹೂಂ ಅನಲಿಲ್ಲಂದ್ರ ನಾಳೆ ನಾನ ದವಾಖಾನಿಗೆ ಒಯ್ತೀನಿ. ಹೂಂ ಅಂದ್ಲಂದ್ರ ಮತ್ತ ಹಟಾ ಮಾಡಬ್ಯಾಡ.”

ಪಕ್ಕದ ಮನೆಯವರಿಗೆ ಕುಕ್ಕರ್ ಇಡಬೇಡಿ ಎಂದು ಹೇಳಿಬಂದು, ಕಿಟಕಿ ಬಾಗಿಲು ಮುಚ್ಚಿ, ನೀಲಾ ಕಥೆ ಶುರುಮಾಡಿದಳು. ರಾಜ ಇದ್ದ. ಹೂಂ. ನೆರಳಿರಲಿಲ್ಲ. ಹೂಂ. ಬೇವಿನ ಮರದ ಹತ್ತಿರ ಹೋದ. ಹೂಂ. ಮರ ಹೀಗೆಂದಿತು. ಹೂಂ. ನೀಲಾ ತಾಯಿಯಂತೆಯೇ ದನಿ ತಗ್ಗಿಸಿದಳು.

“ಅಷ್ಟೊತ್ತಿಗೆ ರಾಜಾ ಬಂದು ನಮ್ಮನೀ ರೊಟ್ಟಿ ಬುಟ್ಟ್ಯಾಗ ಕುಂತ.”

ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ. ನೀಲಾ ಮನಸ್ಸಿನಲ್ಲೇ ಬೇಡಿಕೊಂಡಳು. ಅನ್ನಬ್ಯಾಡ, ಯವ್ವಾ, ಅನ್ನಬ್ಯಾಡ.

“ಹೂಂ,” ಎಂದಳು ಬಾಳವ್ವ.

ನೀಲಾ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಳು. ಹನ್ನೆರಡು ಜ್ಯೋತಿರ್ವರ್ಷದಾಚೆ ಯಾರೋ ಎಚ್ಚರವಿದ್ದರು. ಕೈಯಳತೆಯಲ್ಲಿದ್ದ ಅವ್ವ ಇರಲಿಲ್ಲ. ಇಪ್ಪತ್ನಾಲ್ಕು ವರ್ಷ ಆಕಾಶಕ್ಕೆ ಕಿವಿಗೊಟ್ಟು ಕಾದಿದ್ದರ ಫಲ ಇದೇ ಆದರೆ ಆ ಪರಾತವನ್ನು ಗುಜರಿಗೆ ಹಾಕಬೇಕು ಎನ್ನಿಸಿತು ಅವಳಿಗೆ. ಗಟ್ಟಿಯಾಗಿ ಅತ್ತಳು.

ಶಿವಪುತ್ರ ಗೆದ್ದವನಂತೆ ಕಾಣಲಿಲ್ಲ. ಮಂಚದ ಕಾಲಬದಿಯಲ್ಲಿ ತಾಯಿಯ ಮುಖ ನೋಡುತ್ತ ಕೂತೇ ಇದ್ದ. ಆಮೇಲೆ, ಏನೋ ಹಳೆಯದು ನೆನಪಾದವನಂತೆ ಮಾತಾಡಿದ.

“ನೀನೂ ಹಿಂಗ ಹೂಂ ಅಂತಿದ್ದಿ.”

“ಏನು?”

“ಸಣ್ಣಾಕಿ ಇದ್ದಾಗ. ರೊಟ್ಟಿ ಬುಟ್ಟಿಗೆ. ತಪ್ಪದ ಹೂಂ ಅಂತಿದ್ದಿ. ನಾ ಎಚ್ಚರ ಇರ್ತಿದ್ದೆ, ಕೇಳಿ ನಗ್ತಿದ್ದೆ. ನಿನಗ ನಿದ್ದಿ ಹತ್ತಿದ ಕೂಡ್ಲೆ ಅವ್ವ ಕಥಿ ನಿಲ್ಲಿಸಿಬಿಡ್ತಿದ್ದಳು. ನನಗೂ ಮುಂದ ಹೇಳ್ತಿದ್ದಿಲ್ಲ. ನಿನ್ನ ಮ್ಯಾಲ ಎಷ್ಟು ಸಿಟ್ಟು ಬರ್ತಿತ್ತು ಅಂತಿ!”

ನೀಲಾ ಕಣ್ಣೊರೆಸಿಕೊಂಡಳು. “ನಿಲ್ಲಿಸಿ ಏನ್ ಮಾಡ್ತಿದ್ದಳು?”

“ಏನ್ ಮಾಡ್ತಾಳ? ಕೌದಿ ಹೊಚ್ಚತಿದ್ದಳು ನಿನಗ. ಹೊಚ್ಚಿ, ‘ಉಳದದ್ದು ನಾಳೆ’ ಅಂತಿದ್ದಳು...”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆ ಮನೆಯಲ್ಲಿ ರೊಟ್ಟಿ ಬುಟ್ಟಿಗೆ ಹೂಂ ಎಂದವರನ್ನು ಇಲ್ಲವಾದರು ಎಂದು ಯಾರೂ ಲೆಕ್ಕ ಹಾಕಿರಲಿಲ್ಲ. ನಿದ್ದೆ ಬಂದಿದೆ ಎಂದಷ್ಟೇ ತಿಳಿದಿದ್ದರು. ಅದಕ್ಕೆ ಮಾಡಬೇಕಾದದ್ದೂ ಒಂದೇ ಇತ್ತು.

ಹಾಗಾದರೆ ಅವ್ವ ಮಲಗಿದ್ದಾಳೆಯೇ? ಅಥವಾ ಡಾಕ್ಟರು ಹೇಳಿದಂತೆ ಗಂಟಲಿಗೆ ಉಸಿರು ತಾಕಿದ್ದು ಮಾತ್ರವೇ? ಆ ನಕ್ಷತ್ರದ ಹತ್ತಿರ ಇರುವುದು ಎಚ್ಚರವೋ, ಹೊಟ್ಟೆ ತುಂಬದ ಮೋಡವೋ? ನೀಲಾಳಿಗೆ ಒಂದೂ ಬಗೆಹರಿಯಲಿಲ್ಲ. ಜರಡಿಗೆ ಅವಳು ‘ಮಾತು’ ಕಲಿಸಿದ್ದಳು, ‘ಸದ್ದು’ ಕಲಿಸಿದ್ದಳು. ‘ಗೊತ್ತಿಲ್ಲ’ ಎನ್ನುವುದನ್ನು ಮಾತ್ರ ಕಲಿಸಿರಲಿಲ್ಲ.

ಶಿವಪುತ್ರ ಎದ್ದ. ಗೂಟದ ಮೇಲಿದ್ದ ಹಳೆಯ ಕೌದಿಯನ್ನು ಇಳಿಸಿ ಕೊಡವಿದ. ಬಾಳವ್ವ ತನ್ನ ಸೀರೆಗಳನ್ನೇ ಹರಿದು ಹೊಲಿದ ಕೌದಿ ಅದು. ಬೇಸಿಗೆಯ ಮಧ್ಯಾಹ್ನ, ಹೊರಗೆ ಬಿಸಿಲು ಕುದಿಯುತ್ತಿತ್ತು. ಆದರೂ ಅದನ್ನು ತಾಯಿಯ ಪಾದದಿಂದ ಎದೆಯ ತನಕ ಹೊದಿಸಿದ. ಅಂಚನ್ನು ಮಗ್ಗುಲಿಗೆ ಸಿಕ್ಕಿಸಿದ.

“ನಾಳೆ ಡಾಕ್ಟರಿಗೆ ಹೇಳು, ನಳಿಗಿ ಕೂಡಸಲಿ. ನಾ ಗಾಡಿ ತರ್ತೀನಿ.”

“ಅಣ್ಣಾ, ಖಾತ್ರಿ ಇಲ್ಲ ನನಗ.”

“ನನಗೂ ಇಲ್ಲ ಬಿಡವಾ.” ಅವನು ಕಿಟಕಿ ತೆರೆದ. “ಅಲ್ಲಿದ್ದವರಿಗೆ ಏನು ಕಳಸ್ತೀರಿ ಈಗ? ಅರ್ಧಕ್ಕ ಬಿಟ್ಟೀರಿ, ಪಾಪ. ಕಾಯಾಕತ್ತಿರಬೇಕು.”

“ಮುದುಕಿ ಏನಂದ್ಲು ಅಂತ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಅವ್ವನ್ನ ಕೇಳಬೇಕು.”

ಪಕ್ಕದ ಮನೆಯಲ್ಲಿ ತಡೆದಿಟ್ಟಿದ್ದ ಕುಕ್ಕರ್ ಅದೇ ಹೊತ್ತಿಗೆ ಸೀಟಿ ಹೊಡೆಯಿತು.

“ಹೂಂ,” ಎಂದಳು ಬಾಳವ್ವ.

ಕುಕ್ಕರಿಗೆ ಅಂದಳೋ, ಮಗಳಿಗೆ ಅಂದಳೋ? ನೀಲಾ ಅಣ್ಣನ ಕಡೆ ನೋಡಿದಳು. ಅವನು ತಾಯಿಯ ಹೆರಳಿನಿಂದ ಜಾರಿದ ಮಲ್ಲಿಗೆಯನ್ನು ಸರಿಪಡಿಸುತ್ತಿದ್ದ.

“ಎದ್ದ ಮ್ಯಾಲೆ ಕೇಳೂಣು,” ಎಂದ.